ರೈತರ ಸಬ್ಸಿಡಿ: ಬೇಕು, ಬೇಡ ಅನ್ನುವ ಮೊದಲು ಹೀಗೆ ಬಿಡಿಸಿ ನೋಡಿ

ರೈತರ ಸಬ್ಸಿಡಿ ಮಾತು ಬಂದರೆ ಸಾಕು, ಐದು ನಿಮಿಷದಲ್ಲಿ ಎರಡು ಗುಂಪಾಗುತ್ತದೆ. 'ತೆರಿಗೆ ಹಣ ಸುಮ್ನೆ ಪೋಲು' ಎಂದು ಒಬ್ಬರು. 'ಅನ್ನ ಬೆಳೆಯುವವನಿಗೆ ಕೊಡೋಕೂ ಲೆಕ್ಕ ಹಾಕ್ತೀರಾ' ಎಂದು ಇನ್ನೊಬ್ಬರು. ಒಬ್ಬರ ತಲೆಯಲ್ಲಿ ಇರುವುದು ಗೊಬ್ಬರ, ಇನ್ನೊಬ್ಬರ ತಲೆಯಲ್ಲಿ ಬೆಂಬಲ ಬೆಲೆ. ಜಗಳ ಮುಗಿಯುವುದಾದರೂ ಹೇಗೆ? ಹಾಗಾಗಿ ಯಾವುದಾದರೂ ಒಂದೇ ಯೋಜನೆ ಹಿಡಿದುಕೊಳ್ಳಿ. ಅದಕ್ಕೆ ಈ ಪ್ರಶ್ನೆಗಳನ್ನು ಒಂದೊಂದಾಗಿ ಹಾಕಿ.

ಹೆಜ್ಜೆ 1: ಹಣ ಯಾವುದರ ಮೇಲೆ ಬೀಳುತ್ತದೆ?

ಗೊಬ್ಬರದ ಚೀಲ, ಕರೆಂಟು, ಬಿತ್ತನೆ ಬೀಜ, ಬೆಳೆ ವಿಮೆಯ ಕಂತು, ಇವುಗಳ ಮೇಲೆ ಬೀಳಬಹುದು. ಸರ್ಕಾರವೇ ನಿಗದಿ ಬೆಲೆಗೆ ಬೆಳೆ ಕೊಳ್ಳಬಹುದು. ಎಕರೆಗೆ ಇಷ್ಟು ಎಂದು ಖಾತೆಗೆ ಹಾಕಬಹುದು. ಬಜೆಟ್ಟಿನಲ್ಲಿ ಕಾಣದ ಒಂದು ಬಗೆಯೂ ಇದೆ, ಅದು ಆಮದು ಸುಂಕ. ಹೊರಗಿನ ಮಾಲು ದುಬಾರಿಯಾದಾಗ ಒಳಗಿನ ರೈತನಿಗೆ ಬೆಲೆ ಸಿಗುತ್ತದೆ. ಆ ಹಣ ಹೋಗುವುದು ಕೊಳ್ಳುವವರ ಜೇಬಿನಿಂದ.

ಹೆಜ್ಜೆ 2: ಕೊನೆಗೆ ಯಾರ ಕೈ ಸೇರುತ್ತದೆ?

ಇಲ್ಲಿ ಅವಸರ ಮಾಡಬೇಡಿ. ನನ್ನ ಪ್ರಕಾರ ಇಡೀ ಚರ್ಚೆಯ ಜೀವ ಇರುವುದು ಇಲ್ಲೇ.

ಚೀಲದ ಲೆಕ್ಕದಲ್ಲಿ ಕೊಟ್ಟರೆ ಜಾಸ್ತಿ ಚೀಲ ಕೊಳ್ಳುವವನಿಗೆ ಜಾಸ್ತಿ. ಎಕರೆ ಲೆಕ್ಕದಲ್ಲಿ ಕೊಟ್ಟರೆ ಜಾಸ್ತಿ ಎಕರೆ ಇರುವವನಿಗೆ ಜಾಸ್ತಿ. ಐರೋಪ್ಯ ಒಕ್ಕೂಟದಲ್ಲಿ ನೇರ ಪಾವತಿಯ ನೂರಕ್ಕೆ ಸುಮಾರು 80 ಭಾಗ ಹಣ ಹೋಗುವುದು ಪಡೆಯುವವರಲ್ಲಿ ನೂರಕ್ಕೆ 20 ಮಂದಿಗೆ. ಯಾರೂ ಕದ್ದಿಲ್ಲ. ನಿಯಮವೇ ಹಾಗಿದೆ.

ಈಗ ಗುತ್ತಿಗೆಗೆ ಹೊಲ ಹಿಡಿದ ಒಬ್ಬ ರೈತನನ್ನು ನೆನೆಸಿಕೊಳ್ಳಿ. ಉಳುವವನು ಅವನು, ಬೀಜಕ್ಕೆ ಸಾಲ ಮಾಡುವವನು ಅವನು, ಮಳೆ ತಪ್ಪಿದರೆ ಮುಳುಗುವವನೂ ಅವನೇ. ಜಮೀನಿನ ಕಾಗದದಲ್ಲಿ ಮಾತ್ರ ಬೇರೆಯವರ ಹೆಸರು. ಕಾಗದ ನೋಡಿ ಹಣ ಹಾಕಿದರೆ ಅದು ಒಡೆಯನ ಖಾತೆಗೆ ಹೋಗುತ್ತದೆ. 'ಸರಿ, ಉಳುವವನಿಗೇ ಕೊಡೋಣ' ಅಂದುಕೊಳ್ಳಿ. ಮುಂದಿನ ಸಲ ಗುತ್ತಿಗೆ ಮಾತಾಡುವಾಗ ಒಡೆಯ ಏನಂತಾನೆ? 'ನಿನಗೆ ಹೇಗೂ ಸರ್ಕಾರದ ದುಡ್ಡು ಬರುತ್ತಲ್ಲ, ಎಕರೆಗೆ ಸ್ವಲ್ಪ ಸೇರಿಸು.' ಹಣದ ಒಂದು ಪಾಲು ಹೀಗೆ ಗುತ್ತಿಗೆ ದರದೊಳಗೆ ಸೇರಿಹೋಗುವುದನ್ನು ಅಮೆರಿಕ, ಯುರೋಪಿನ ಕೃಷಿ ಅರ್ಥಶಾಸ್ತ್ರಜ್ಞರು ಮತ್ತೆ ಮತ್ತೆ ತೋರಿಸಿದ್ದಾರೆ. ಗಂಡನ ಹೆಸರಿನ ಹೊಲದಲ್ಲಿ ದಿನವಿಡೀ ಬೆವರು ಹರಿಸುವ ಹೆಂಗಸರೂ ಪಟ್ಟಿಯಿಂದ ಹೊರಗೇ ಉಳಿಯುತ್ತಾರೆ. ಇದು ನನಗೆ ತುಂಬ ನೋವು ಕೊಡುವ ವಿಷಯ.

ಹೆಜ್ಜೆ 3: ಅದು ರೈತನಿಂದ ಏನು ಮಾಡಿಸುತ್ತದೆ?

ಪಂಪ್‌ಸೆಟ್‌ಗೆ ಮೀಟರ್ ಇಲ್ಲ, ಬಿಲ್ಲಿಲ್ಲ. ಕರೆಂಟು ಬರುವುದು ನಡುರಾತ್ರಿ. ಎದ್ದು ಹೋಗುವ ಬದಲು ರೈತ ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾನೆ. ಕರೆಂಟು ಬಂದ ಕೂಡಲೇ ಮೋಟರ್ ಓಡುತ್ತದೆ, ಮಡಿ ತುಂಬಿ ಬದು ದಾಟಿದರೂ ನಿಲ್ಲಿಸುವವರಿಲ್ಲ. ಅವನನ್ನು ಬೈಯಬೇಡಿ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಪಂಜಾಬಿನಲ್ಲಿ ಪಂಪ್‌ಸೆಟ್ ಕರೆಂಟು ಉಚಿತ, ಭತ್ತಕ್ಕೆ ಸರ್ಕಾರಿ ಖರೀದಿ ಖಾತ್ರಿ. ಎರಡೂ ಸೇರಿ ಅಂತರ್ಜಲ ಎಷ್ಟು ಇಳಿಯಿತೆಂದರೆ, ಬೇಸಿಗೆಯಲ್ಲೇ ಭತ್ತದ ನಾಟಿ ಮಾಡಬಾರದು ಎಂದು 2009ರಲ್ಲಿ ಕಾನೂನೇ ತರಬೇಕಾಯಿತು.

ಗೊಬ್ಬರದ್ದೂ ಇದೇ ಕಥೆ. ಭಾರತ 2010ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಸಬ್ಸಿಡಿ ಪದ್ಧತಿ ಬದಲಿಸಿತು, ಯೂರಿಯಾವನ್ನು ಮಾತ್ರ ಹಾಗೇ ಬಿಟ್ಟಿತು. ಉಳಿದವು ತುಟ್ಟಿಯಾದವು, ಯೂರಿಯಾ ಅಗ್ಗವಾಗೇ ಉಳಿಯಿತು. ರೈತರು ಯೂರಿಯಾವನ್ನೇ ಜಾಸ್ತಿ ಸುರಿದರು. ಮಣ್ಣಿನ ಸಮತೋಲನ ಇನ್ನಷ್ಟು ಕೆಟ್ಟಿತು.

ಹೆಜ್ಜೆ 4: ಗಡಿಯಾಚೆ ಯಾರಿಗೆ ಪೆಟ್ಟು?

ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಹಣ ಕೊಟ್ಟಾಗ ವಿಶ್ವ ಮಾರುಕಟ್ಟೆಯಲ್ಲಿ ಬೆಲೆ ಕುಸಿಯುತ್ತಿದೆ ಎಂದು 2003ರಲ್ಲಿ ಆಫ್ರಿಕಾದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ದೂರಿದವು. ಇದೇ ಹತ್ತಿಯ ವಿಷಯದಲ್ಲಿ ಬ್ರೆಜಿಲ್ ಕೇಸು ಹಾಕಿ ಗೆದ್ದಿತು. 2014ರಲ್ಲಿ ಅಮೆರಿಕ 30 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಆ ಹಣ ಹೋದದ್ದು ಬ್ರೆಜಿಲ್‌ಗೆ, ಆಫ್ರಿಕಾದ ಸಣ್ಣ ಬೆಳೆಗಾರನಿಗಲ್ಲ.

ಹೆಜ್ಜೆ 5: ತೆಗೆದರೆ ಏನಾಗುತ್ತದೆ?

'ನ್ಯೂಜಿಲೆಂಡ್ ನೋಡಿ' ಎಂದು ಯಾರಾದರೂ ಹೇಳೇ ಹೇಳುತ್ತಾರೆ. ನಿಜ, 1984ರಲ್ಲಿ ಅಲ್ಲಿ ಕೃಷಿ ಸಬ್ಸಿಡಿ ತೆಗೆಯಲು ಶುರು ಮಾಡಿದರು. ಹೆದರಿದಷ್ಟು ರೈತರು ದಿವಾಳಿಯಾಗಲಿಲ್ಲ. 1980ರ ದಶಕದ ಆರಂಭದಲ್ಲಿ 7 ಕೋಟಿ ದಾಟಿದ್ದ ಕುರಿಗಳು ಈಗ 3 ಕೋಟಿಗಿಂತ ಕಮ್ಮಿ, ಹೈನುಗಾರಿಕೆ ಬೆಳೆದಿದೆ. ಆದರೆ ಆಗ ಕಷ್ಟಕ್ಕೆ ಸಿಕ್ಕ ರೈತರ ಸಾಲದಲ್ಲಿ ಒಂದು ಪಾಲು ಬಿಟ್ಟುಕೊಟ್ಟರು, ಜಮೀನು ಬಿಡುವವರ ಕೈಗೆ ಒಂದಿಷ್ಟು ಹಣ ಇಟ್ಟರು. ಈ ಭಾಗವನ್ನು ಹೇಳುವವರು ಕಮ್ಮಿ, ಅಲ್ವಾ?

ಆಫ್ರಿಕಾದ ಮಲಾವಿ ದೇಶದ್ದು ತಿರುಗುಮುರುಗು ಅನುಭವ. ಬರದಿಂದ ಬೆಳೆ ಕೈಕೊಟ್ಟ ಮೇಲೆ 2005ರಲ್ಲಿ ಅಲ್ಲಿ ಸಣ್ಣ ರೈತರಿಗೆ ಕೂಪನ್ ಮೂಲಕ ಅಗ್ಗದ ಗೊಬ್ಬರ, ಬೀಜ ಕೊಟ್ಟರು. ಮಳೆಯೂ ಕೈಹಿಡಿಯಿತು, ಮೆಕ್ಕೆಜೋಳದ ಇಳುವರಿ ಏರಿತು. ವರ್ಷ ಕಳೆದಂತೆ ಅದೇ ಯೋಜನೆ ಕೃಷಿ ಬಜೆಟ್ಟಿನ ಬಹುಪಾಲನ್ನು ತಿನ್ನತೊಡಗಿತು. ಹೀಗಾಗಿ ಮೊದಲ ವರ್ಷದ ಫಲ ನೋಡಿ ತೀರ್ಪು ಕೊಡಬೇಡಿ.

ಹೆಜ್ಜೆ 6: ಪಟ್ಟಿ ಕೇಳಿ

ಐರೋಪ್ಯ ಒಕ್ಕೂಟದ ದೇಶಗಳು ಹಣ ಪಡೆದವರ ಪಟ್ಟಿಯನ್ನು ಜನರ ಮುಂದೆ ಇಡುತ್ತವೆ. ನೀವು ಹಿಡಿದುಕೊಂಡ ಯೋಜನೆಗೂ ಅಂಥ ಪಟ್ಟಿ ಇದ್ದರೆ ತೆಗೆಸಿ. ಒಂದು ಊರಿನ ಹೆಸರುಗಳನ್ನಷ್ಟೇ ಗುರುತು ಹಾಕಿಕೊಳ್ಳಿ. ಆಮೇಲೆ ಬಿತ್ತನೆಯ ಹೊತ್ತಿಗೆ ಆ ಊರಿಗೆ ಹೋಗಿ, ಹೊಲದಲ್ಲಿ ಇರುವವರ ಹೆಸರು ಕೇಳಿ.