ಮಂಗಳೂರು ನಗರ ದಕ್ಷಿಣದ ಚುನಾವಣಾ ಚರಿತ್ರೆಯನ್ನು ನಾನು ಬರೆದ ಬಗೆ

ನನ್ನ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಈ ವಿಧಾನಸಭಾ ಕ್ಷೇತ್ರದ ಚರಿತ್ರೆಯನ್ನು ಬರೆಯಲು ಹೊರಟಾಗ ನಾನು ಮೊದಲು ಬಿಡಿಸಿಕೊಂಡದ್ದು ಗಡಿಯ ಗೋಜಲನ್ನು. 2008ರ ಚುನಾವಣೆಗೆ ಮುನ್ನ ನಡೆದ ಪುನರ್ವಿಂಗಡಣೆಯವರೆಗೆ ನಗರದ ನಡುಭಾಗವೇ 'ಮಂಗಳೂರು' ಕ್ಷೇತ್ರವಾಗಿತ್ತು. ಆಮೇಲೆ ಅದು ನಗರ ದಕ್ಷಿಣವಾಯಿತು, ಸುರತ್ಕಲ್ ಕ್ಷೇತ್ರ ಮಂಗಳೂರು ನಗರ ಉತ್ತರವಾಯಿತು, ನೇತ್ರಾವತಿಯ ಆಚೆಯ ಉಳ್ಳಾಲಕ್ಕೆ 'ಮಂಗಳೂರು' ಎಂಬ ಹೆಸರು ಬಂದಿತು. ಹಳೆಯ ಮತ್ತು ಹೊಸ ಪಟ್ಟಿಗಳನ್ನು ಹೆಸರು ನೋಡಿ ಜೋಡಿಸಿದವರಿಗೆ ಬಿಜೆಪಿಯ ಯೋಗೀಶ್ ಭಟ್ಟರ ಜಾಗಕ್ಕೆ ಕಾಂಗ್ರೆಸ್ಸಿನ ಯು.ಟಿ. ಖಾದರ್ ಬಂದಂತೆ, ಊರು ಒಮ್ಮೆಲೇ ಪಕ್ಷ ಬದಲಿಸಿದಂತೆ ಕಾಣುತ್ತದೆ. ವಾಸ್ತವವಾಗಿ 2008ರಲ್ಲಿ ಇಬ್ಬರೂ ಗೆದ್ದಿದ್ದರು, ಬೇರೆ ಬೇರೆ ಕ್ಷೇತ್ರಗಳಿಂದ.

ಗಡಿ ಸ್ಪಷ್ಟವಾದ ಮೇಲೆ ಫಲಿತಾಂಶಗಳನ್ನು ವರ್ಷವಾರು ಬರೆದುಕೊಂಡೆ. 1983ರಲ್ಲಿ ಬಿಜೆಪಿಯ ವಿ. ಧನಂಜಯ ಕುಮಾರ್, 1985 ಮತ್ತು 1989ರಲ್ಲಿ ಕಾಂಗ್ರೆಸ್ಸಿನ ಬ್ಲೇಸಿಯಸ್ ಡಿಸೋಜ, 1994ರಿಂದ ಸತತ ನಾಲ್ಕು ಬಾರಿ ಬಿಜೆಪಿಯ ಯೋಗೀಶ್ ಭಟ್, 2013ರಲ್ಲಿ ಕಾಂಗ್ರೆಸ್ಸಿನ ಜೆ.ಆರ್. ಲೋಬೊ, 2018 ಮತ್ತು 2023ರಲ್ಲಿ ಬಿಜೆಪಿಯ ವೇದವ್ಯಾಸ ಕಾಮತ್ ಗೆದ್ದಿದ್ದಾರೆ. ಇವುಗಳಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು 1983ರ ಬಳಿ. ಕರಾವಳಿಯಲ್ಲಿ ಬಿಜೆಪಿಯ ಬೆಳವಣಿಗೆಯನ್ನು ಅಯೋಧ್ಯಾ ಚಳವಳಿಯಿಂದಲೇ ಆರಂಭಿಸುವ ವಿವರಣೆ, ಆ ಚಳವಳಿ ಕಾವೇರುವ ಮೊದಲೇ ದೊರೆತ ಈ ಗೆಲುವಿಗೆ ಉತ್ತರ ಕೊಡುವುದಿಲ್ಲ.

ಕ್ಷೇತ್ರದ ಸ್ವಭಾವವನ್ನು ತಿಳಿಯಲು ಗೆದ್ದವರ ಪಟ್ಟಿ ಸಾಲದು. ಆದ್ದರಿಂದ ಮತಗಟ್ಟೆವಾರು ಮತಗಳನ್ನು ಕೊಡುವ ನಮೂನೆ 20ನ್ನು ಹಿಡಿದು, ಪ್ರತಿ ಮತಗಟ್ಟೆಯ ವ್ಯಾಪ್ತಿಯನ್ನು ಮತದಾರರ ಪಟ್ಟಿಯ ಮೊದಲ ಪುಟದಿಂದ ಗುರುತಿಸಿ, ನಂತರ ಆ ಬೀದಿಗಳಲ್ಲಿ ನಡೆದೆ. ರಥಬೀದಿಯ ವ್ಯಾಪಾರಿಗಳು, ಬಂದರಿನ ಸಗಟು ಮಳಿಗೆಗಳು, ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹಂಚಿನ ಉದ್ಯಮದ ನೆನಪನ್ನು ಉಳಿಸಿಕೊಂಡ ಜೆಪ್ಪು, ಕದ್ರಿ–ಬಿಜೈಗಳ ವಸತಿ ಸಮುಚ್ಚಯಗಳು, ಸಮುದ್ರ ಮತ್ತು ನದಿಯ ನಡುವಿನ ಬೆಂಗ್ರೆಯ ಮೀನುಗಾರರು: ಇವರ ಅಗತ್ಯಗಳು ಒಂದೇ ಅಲ್ಲ. ಬೆಂಗ್ರೆಯವರಿಗೆ ಮನೆಯಡಿಯ ಹಕ್ಕುಪತ್ರ ಮತ್ತು ಹೊಳೆ ದಾಟುವ ದಾರಿ ಮುಖ್ಯವಾದರೆ ಕದ್ರಿಯವರು ಚರಂಡಿ, ವಾಹನದಟ್ಟಣೆಗಳ ಮಾತೆತ್ತುತ್ತಾರೆ. ಇಡೀ ಕ್ಷೇತ್ರವನ್ನು ಜಾತಿ–ಮತಗಳ ಶೇಕಡಾವಾರು ಲೆಕ್ಕದಲ್ಲಿ ಮುಗಿಸಿಬಿಡುವ ಬರವಣಿಗೆ ಈ ಜನರಿಗೆ ಅನ್ಯಾಯ ಮಾಡುತ್ತದೆ ಎಂಬುದು ನನ್ನ ದೃಢವಾದ ನಿಲುವು.

2008ರಿಂದ 2023ರವರೆಗಿನ ನಾಲ್ಕು ಚುನಾವಣೆಗಳು ಒಂದೇ ಗಡಿಯೊಳಗೆ ನಡೆದಿರುವುದರಿಂದ ಅವುಗಳನ್ನು ಮಾತ್ರ ನೇರವಾಗಿ ಹೋಲಿಸಿದೆ. ಮತದಾರರು ಹೆಚ್ಚಿದಂತೆ ಮತಗಟ್ಟೆಗಳು ಒಡೆದು ಅವುಗಳ ಸಂಖ್ಯೆ ಬದಲಾಗುವುದರಿಂದ, ಬಿಡಿ ಮತಗಟ್ಟೆಯ ಬದಲು ಒಂದು ವಾರ್ಡಿನ ಎಲ್ಲ ಮತಗಟ್ಟೆಗಳನ್ನು ಒಟ್ಟುಗೂಡಿಸಿ, ಅಂಚೆ ಮತಗಳನ್ನು ಬೇರೆಯಾಗಿಟ್ಟು ಲೆಕ್ಕಹಾಕಿದೆ.