ಟೇಬಲ್ ಫ್ಯಾನ್ ಕಿಟಕಿಯಾಚೆಗೆ ಮುಖ ಮಾಡಲಿ
ಕೋಣೆಯಲ್ಲಿ ಪೇಂಟ್ ವಾಸನೆಯೋ ಹೊಗೆಯೋ ತುಂಬಿದ್ದರೆ ಟೇಬಲ್ ಫ್ಯಾನನ್ನು ಕಿಟಕಿಯಿಂದ ಹೊರಕ್ಕೆ ಬೀಸುವಂತೆ ಇಡಿ, ಎದುರು ಬದಿಯ ಬಾಗಿಲು ಅಥವಾ ಕಿಟಕಿ ತೆರೆದಿಡಿ. ಸೀಲಿಂಗ್ ಫ್ಯಾನ್ ಒಳಗಿರುವ ಗಾಳಿಯನ್ನೇ ಕಲಕುತ್ತದೆ, ಅಷ್ಟೇ. ಹೊರಕ್ಕೆ ತಳ್ಳಿದರೆ ಒಳಗಿನ ಒತ್ತಡ ತುಸು ಇಳಿದು, ಹೋದಷ್ಟೇ ಹೊಸ ಗಾಳಿ ಇನ್ನೊಂದು ಕಡೆಯಿಂದ ಬರುತ್ತದೆ. ಫ್ಯಾನ್ ಪಕ್ಕದ ಕಿಟಕಿ ಮಾತ್ರ ಮುಚ್ಚಿರಲಿ, ಇಲ್ಲವಾದರೆ ಆಚೆ ಹೋದದ್ದು ಅಲ್ಲಿಂದಲೇ ವಾಪಸ್. ಕೆಲಸ ಆಗುತ್ತಿದೆಯೇ ಅಂತ ನೋಡಲು ಎದುರು ಬಾಗಿಲನ್ನು ಸ್ವಲ್ಪವೇ ತೆರೆದು ಸಂದಿಯಲ್ಲಿ ಟಿಶ್ಯೂ ಚೂರೊಂದನ್ನು ಹಿಡಿಯಿರಿ. ಅದು ಕೋಣೆಯ ಕಡೆಗೆ ವಾಲಬೇಕು. ಹೊರಗೇ ಹೊಗೆ, ದೂಳು ದಟ್ಟವಾಗಿದ್ದರೆ ಇದರಿಂದ ಉಪಯೋಗವಿಲ್ಲ. ಆಗ ಕಿಟಕಿ ಮುಚ್ಚಿ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಹಾಕುವುದೇ ಸರಿ (ಅದು ಕಣಗಳನ್ನು ಹಿಡಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಅನ್ನು ಅಲ್ಲ). ದಯವಿಟ್ಟು ಇದೊಂದನ್ನು ಮರೆಯಬೇಡಿ: ಗ್ಯಾಸ್ ಗೀಸರ್ ಅಥವಾ ಒಲೆ ಉರಿಯುತ್ತಿರುವಾಗ ಹೀಗೆ ಮಾಡಬಾರದು. ಒತ್ತಡ ಇಳಿದರೆ ಕೊಳವೆಯಲ್ಲಿ ಹೊರಹೋಗಬೇಕಾದ ಹೊಗೆ ಮನೆಯೊಳಕ್ಕೇ ತಿರುಗಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ, ಬಂದದ್ದೇ ಗೊತ್ತಾಗುವುದಿಲ್ಲ. ಗ್ಯಾಸ್ ಸೋರಿದ ವಾಸನೆ ಬಂದಾಗಂತೂ ಫ್ಯಾನಿನ ಸ್ವಿಚ್ಚನ್ನೇ ಮುಟ್ಟಬೇಡಿ, ಕಿಡಿ ಹಾರುತ್ತದೆ. ಬಾಗಿಲು, ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ.