ಐಪಿ (ದಿವಾಳಿ) ಅರ್ಜಿ ವಜಾ ಆಗಬಹುದೇ? ನಾನು ನಡೆಸಿದ ಒಂದು ಪ್ರಕರಣ

ಆಗಬಹುದು, ಆದರೆ ಜನ ಹೆದರುವ ಕಾರಣಕ್ಕಲ್ಲ. ಸಾಲ ಕೊಟ್ಟವರು ಒಪ್ಪದಿದ್ದರೆ ಅರ್ಜಿ ಬಿದ್ದುಹೋಗುತ್ತದೆ ಎಂದು ನಮ್ಮ ಹಾವೇರಿ ಕಡೆ ಬಹಳ ಮಂದಿ ನಂಬಿದ್ದಾರೆ. ಅವರ ಒಪ್ಪಿಗೆಯನ್ನು ಕಾಯ್ದೆ ಕೇಳುವುದೇ ಇಲ್ಲ. ಗೊಬ್ಬರದ ಅಂಗಡಿಯವರೊಬ್ಬರ ಪರವಾಗಿ ನಾನು ದಿವಾಳಿ ಅರ್ಜಿ ನಡೆಸಿದ ಬಗೆಯನ್ನು, ಗುರುತು ಸಿಗುವ ವಿವರ ಬಿಟ್ಟು, ಇಲ್ಲಿ ಬರೆಯುತ್ತಿದ್ದೇನೆ.

ಗೋವಿನಜೋಳ, ಹತ್ತಿ ಬೆಳೆಯುವ ರೈತರಿಗೆ ಬೀಜ, ಗೊಬ್ಬರ ಉದ್ರಿ ಕೊಟ್ಟು ಸುಗ್ಗಿಯಲ್ಲಿ ವಸೂಲು ಮಾಡುವ ವ್ಯಾಪಾರ ಅವರದು. ಸತತವಾಗಿ ಮಳೆ ಕೈಕೊಟ್ಟಿತು, ಉದ್ರಿ ಬರಲಿಲ್ಲ. ಸಗಟು ವ್ಯಾಪಾರಿಗೆ ಕೊಡಲು ಕೈಸಾಲ, ಕೈಸಾಲ ತೀರಿಸಲು ಬಡ್ಡಿ ಸಾಲ. ನನ್ನ ಬಳಿ ಬರುವ ಹೊತ್ತಿಗೆ ಒಂದು ಹಣದ ಡಿಕ್ರಿ (ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪು) ಅಮಲ್ಜಾರಿಗೆ ಬಂದು, ಅಂಗಡಿಯ ಸಾಮಾನಿನ ಮೇಲೆ ಜಪ್ತಿ ಆದೇಶವಾಗಿತ್ತು.

2016ರ ದಿವಾಳಿ ಸಂಹಿತೆಯಡಿ ಹೋಗಬಹುದಲ್ಲ ಎಂದು ಅವರ ಮಗ ಕೇಳಿದ. ಅದರ ವೈಯಕ್ತಿಕ ದಿವಾಳಿಯ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತ ವ್ಯಕ್ತಿಗಳ ಮಟ್ಟಿಗೆ ಮಾತ್ರ. ಇಂಥ ಅಂಗಡಿಕಾರರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ದಾರಿ.

ಆ ಕಾಯ್ದೆಯ 10ನೇ ಕಲಂ ಪ್ರಕಾರ ಸಾಲ ತೀರಿಸಲು ಶಕ್ತಿಯಿಲ್ಲದವನು ಅರ್ಜಿ ಹಾಕಬಹುದು. ಜೊತೆಗೆ ಸಾಲ 500 ರೂಪಾಯಿ ಮುಟ್ಟಿರಬೇಕು, ಇಲ್ಲವೇ ಹಣದ ಡಿಕ್ರಿಯಲ್ಲಿ ಬಂಧನವೋ ಜಪ್ತಿಯೋ ಆಗಿರಬೇಕು. ಈ ಹಕ್ಕು ಇದೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾಗದಿದ್ದರೆ 25ನೇ ಕಲಂನಡಿ ಅರ್ಜಿ ವಜಾ. ಹಾಗಾಗಿ ವಾದವೆಲ್ಲ ಸುತ್ತುವುದು ‘ಶಕ್ತಿಯಿಲ್ಲ’ ಎಂಬುದರ ಸುತ್ತಲೇ. ಸಾಲಗಾರನೇ ಅರ್ಜಿದಾರನಾದಾಗ ಇದಕ್ಕೆ ಮೇಲ್ನೋಟದ ಸಾಕ್ಷ್ಯ ಸಾಕು ಎನ್ನುತ್ತದೆ 24ನೇ ಕಲಂ. ಇದು ದೊಡ್ಡ ಅನುಕೂಲ. ಆದರೆ ಎದುರಿನ ವಕೀಲರು ಅರ್ಜಿಯಲ್ಲಿಲ್ಲದ ಒಂದು ಆಸ್ತಿಯ ಪಹಣಿ ತಂದು ಮುಂದಿಟ್ಟರೆ ಆ ಅನುಕೂಲ ಅಲ್ಲಿಗೇ ಕರಗುತ್ತದೆ. ಆಸ್ತಿಯ ಬೆಲೆ ಸಾಲಕ್ಕಿಂತ ಹೆಚ್ಚೆಂದು ಕಂಡರೆ ತೀರಿಸುವ ಶಕ್ತಿ ಇದೆ ಎಂದೇ ಅರ್ಥ.

ಅದಕ್ಕೇ ನನ್ನ ಹೆಚ್ಚಿನ ಹೊತ್ತು ಹೋದದ್ದು ಶೆಡ್ಯೂಲ್, ಅಂದರೆ ಸಾಲ ಮತ್ತು ಆಸ್ತಿಗಳ ಪಟ್ಟಿ, ಬರೆಯುವುದರಲ್ಲಿ. ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಮೊತ್ತ. ಪ್ರತಿಯೊಂದು ಆಸ್ತಿ, ಅದರ ಬೆಲೆ, ಅದು ಇರುವ ಜಾಗ. ಉದ್ರಿ ಖಾತೆಯಲ್ಲಿದ್ದ ಬರಬೇಕಾದ ಬಾಕಿಯೂ ಆಸ್ತಿಯೇ. ಒಂದೊಂದು ಹೆಸರಿನ ಮುಂದೆಯೂ ಬಾಕಿ ಬರುವಂಥದೋ ಅಲ್ಲವೋ ಎಂದು ಕೇಳಿ ಗುರುತು ಹಾಕಿದೆ. ಭಾವಮೈದುನನ ಕೈಸಾಲಕ್ಕೆ ಚೀಟಿಯೂ ಇರಲಿಲ್ಲ.

“ಅವ್ರು ಮನೀ ಮಂದಿ, ಬರೀಬ್ಯಾಡ್ರಿ ಸಾಹೇಬ್ರ,” ಎಂದರು ಅಂಗಡಿಯವರು.

“ಮನೀ ಮಂದೀನ ಮೊದಲು ಬರೀಬೇಕು,” ಎಂದು ಬರೆಸಿದೆ.

ಕಷ್ಟವಾದದ್ದು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿಕೊಟ್ಟಿದ್ದ ಒಂದು ಪ್ಲಾಟು. ನೋಂದಣಿಯಾಗಿ ಎರಡು ವರ್ಷ ತುಂಬಿರಲಿಲ್ಲ. ಪ್ರತಿಫಲವಿಲ್ಲದೆ ಆಸ್ತಿ ಕೊಟ್ಟ ಎರಡು ವರ್ಷದೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ದಿವಾಳಿ ಎಂದು ಘೋಷಣೆಯಾದರೆ, ಆ ವರ್ಗಾವಣೆಯನ್ನು 53ನೇ ಕಲಂನಡಿ ರದ್ದುಪಡಿಸಬಹುದು. ಅದನ್ನು ಬಿಟ್ಟುಬಿಡೋಣ ಎಂದು ಅವರು ಗೋಗರೆದರು. ನಾನು ಒಪ್ಪಲಿಲ್ಲ. ದಾನಪತ್ರದ ನಕಲನ್ನೇ ಅರ್ಜಿಗೆ ಲಗತ್ತಿಸಿದೆ. ಆ ಹೆಣ್ಣುಮಗಳು ತಾಳಿಯೂ ಹೋಗುತ್ತದೆಯೇ ಎಂದು ಕೇಳಿದ್ದು ನೆನಪಿದೆ. ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಮತ್ತು ಧರ್ಮದ ರೂಢಿಯಂತೆ ಹೆಣ್ಣು ಬಿಟ್ಟಿರಲಾಗದ ಒಡವೆಯನ್ನು ಜಪ್ತಿಯಿಂದ ಹೊರಗಿಟ್ಟಿದೆ.

ಸಾಲ ಕೊಟ್ಟವರಿಂದ ತಕರಾರು ಜೋರಾಗಿಯೇ ಬಂತು. ಈತ ಮೋಸಗಾರ, ಆಸ್ತಿ ಹೆಂಡತಿಗೆ ಸಾಗಿಸಿದ್ದಾನೆ, ಅರ್ಜಿ ಹಾಕಿದ್ದೇ ನ್ಯಾಯಾಲಯದ ದುರುಪಯೋಗ ಎಂಬ ವಾದ. ಇದಕ್ಕೆ ನಾನು ಇಟ್ಟದ್ದು ಛತ್ರಪತ್ ಸಿಂಗ್ ದುಗರ್ ಪ್ರಕರಣದಲ್ಲಿ ಬ್ರಿಟಿಷ್ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ 1916ರಲ್ಲಿ ಕೊಟ್ಟ ತೀರ್ಪು. ಕಾಯ್ದೆಯ ಷರತ್ತುಗಳನ್ನು ಪೂರೈಸಿದ ಸಾಲಗಾರನ ಅರ್ಜಿಯನ್ನು ದುರುಪಯೋಗದ ನೆಪದಲ್ಲಿ ವಜಾ ಮಾಡುವಂತಿಲ್ಲ, ಅವನ ನಡತೆಯನ್ನು ತೂಗಬೇಕಾದ್ದು ಮುಂದೆ ಋಣಮುಕ್ತಿ (ಉಳಿದ ಸಾಲದಿಂದ ಬಿಡುಗಡೆ) ಕೇಳುವಾಗ ಎಂದು ಅದು ಹೇಳುತ್ತದೆ. ಪ್ಲಾಟನ್ನು ನಾವೇ ತೋರಿಸಿದ್ದರಿಂದ, ಅದರ ಬೆಲೆ ಸೇರಿಸಿ ಲೆಕ್ಕ ಹಾಕಿದರೂ ಸಾಲದ ಹತ್ತಿರ ಬರುವುದಿಲ್ಲ ಎಂಬುದು ಶೆಡ್ಯೂಲಿನಲ್ಲೇ ಕಾಣುತ್ತಿತ್ತು. ಅರ್ಜಿ ಮಂಜೂರಾಯಿತು. ಆಸ್ತಿ ನ್ಯಾಯಾಲಯ ನೇಮಿಸಿದ ಮೇಲ್ವಿಚಾರಕರ, ಅಂದರೆ ರಿಸೀವರ್ ಕೈಗೆ ಹೋಯಿತು, ಪ್ಲಾಟಿನ ದಾನಪತ್ರವೂ ರದ್ದಾಯಿತು.

ಇಷ್ಟಕ್ಕೆ ಸಾಲ ಅಳಿಯಿತು ಎಂದು ಯಾರೂ ತಿಳಿಯಬಾರದು. ಚೆಕ್ ಬೌನ್ಸ್ ಕೇಸು ಕ್ರಿಮಿನಲ್ ಸ್ವರೂಪದ್ದು, ಐಪಿ ಹಾಕಿದ ಮಾತ್ರಕ್ಕೆ ನಿಲ್ಲದು. ಅಡವು ಇಟ್ಟುಕೊಂಡ ಬ್ಯಾಂಕಿನ ಹಕ್ಕೂ ಹಾಗೇ ಉಳಿಯುತ್ತದೆ. ಆದೇಶದಲ್ಲಿ ಕೊಟ್ಟ ಅವಧಿಯೊಳಗೆ ಋಣಮುಕ್ತಿಗೆ ಬೇರೆ ಅರ್ಜಿ ಹಾಕದಿದ್ದರೆ ದಿವಾಳಿ ಆದೇಶವೇ ರದ್ದಾಗುತ್ತದೆ, ಮತ್ತೆ ಐಪಿ ಹಾಕಲು ನ್ಯಾಯಾಲಯದ ಅನುಮತಿ ಬೇಕು. ನಿಜವಾದ ನಿರಾಕರಣೆಯ ಭಯ ಇರುವುದೇ ಈ ಘಟ್ಟದಲ್ಲಿ. ಆಸ್ತಿಯು ಅಡವಿಲ್ಲದ ಸಾಲದ ರೂಪಾಯಿಗೆ ಎಂಟಾಣೆಯಷ್ಟೂ (ಅರ್ಧದಷ್ಟೂ) ಇಲ್ಲದಿದ್ದರೆ, ಅದು ತನ್ನ ಕೈಮೀರಿ ಆದದ್ದೆಂದು ತೋರಿಸಬೇಕು. ದಿವಾಳಿಯ ಹಿಂದಿನ ಮೂರು ವರ್ಷದ ಲೆಕ್ಕಪುಸ್ತಕ ಸರಿಯಾಗಿ ಇಟ್ಟಿರಬೇಕು. ಇಲ್ಲವಾದರೆ ಪೂರ್ಣ ಋಣಮುಕ್ತಿ ಸಿಗದು.

ನಮ್ಮ ಅಂಗಡಿಯವರ ಕೀರ್ದಿ, ಖಾತೆ ಪುಸ್ತಕಗಳು ಈಗ ರಿಸೀವರ್ ಬಳಿ ಇವೆ. ಋಣಮುಕ್ತಿಯ ಅರ್ಜಿಯನ್ನು ಅವಧಿಯೊಳಗೇ ಹಾಕಿದ್ದೇವೆ. ಅದರಲ್ಲಿ ಮಳೆ ಕೈಕೊಟ್ಟ ಹಂಗಾಮುಗಳ ಬರ ಘೋಷಣೆಯ ಆದೇಶಗಳನ್ನೂ, ರೈತರ ಉದ್ರಿ ಬಾಕಿಯ ಪಟ್ಟಿಯನ್ನೂ ಲಗತ್ತಿಸಿದ್ದೇನೆ.